ತಾಗಿ ಬಂದ ಚೆಂಡಿನ ಬೆಲೆ

ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಅಂಕಗಳ ಲೆಕ್ಕ ಮೇಲ್ನೋಟಕ್ಕೆ ಮಕ್ಕಳಿಗೂ ತಿಳಿಯುವಷ್ಟು ಸರಳ. ಫ್ರೀ ಥ್ರೋ ಬಿದ್ದರೆ ಒಂದು, ಮೂರು ಅಂಕದ ಗೆರೆಯ ಒಳಗಿನಿಂದ ಎಸೆದದ್ದು ಬಿದ್ದರೆ ಎರಡು, ಹೊರಗಿನಿಂದ ಎಸೆದದ್ದು ಬಿದ್ದರೆ ಮೂರು. ಎಸೆದ ಕೈಗೂ ಬುಟ್ಟಿಯ ರಿಂಗಿಗೂ ನಡುವೆ ಗಾಳಿಯ ಹೊರತು ಬೇರೇನೂ ಇಲ್ಲದಿದ್ದರೆ ಇಷ್ಟು ಸಾಕು. ಆದರೆ ಆ ಹಾದಿಯಲ್ಲಿ ಇನ್ನೊಬ್ಬರ ಬೆರಳು ತಾಗಿದರೆ? ಎಸೆದದ್ದು ಬುಟ್ಟಿಗಲ್ಲ, ಜೊತೆ ಆಟಗಾರನಿಗೆ ಕೊಟ್ಟ ಪಾಸ್ ಆಗಿದ್ದರೆ? ಚೆಂಡು ನೆಲಕ್ಕೆ ಪುಟಿದು ಒಳಗೆ ಹೋದರೆ? ಎದುರಾಳಿಯೇ ಅದನ್ನು ತನ್ನ ಬುಟ್ಟಿಗೆ ತಳ್ಳಿಬಿಟ್ಟರೆ? ಈ ಪ್ರಶ್ನೆಗಳಿಗೆ ಎಲ್ಲ ಕಡೆಯೂ ಒಂದೇ ಉತ್ತರ ಇಲ್ಲವೆಂಬುದನ್ನು ನಾನು ಕಲಿತದ್ದು ತಪ್ಪು ಮಾಡಿ.

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿ ನನ್ನ ಮಗಳು ಓದುತ್ತಿದ್ದ ಹೈಸ್ಕೂಲಿನ ಹುಡುಗಿಯರ ಪಂದ್ಯಗಳಿಗೆ ಸ್ಕೋರ್ ಪುಸ್ತಕ ಬರೆಯುವ ಕೆಲಸವನ್ನು ಒಪ್ಪಿಕೊಂಡಿದ್ದೆ. ಸ್ವಯಂಸೇವಕರು ಸಿಗುತ್ತಿರಲಿಲ್ಲ, ಬೆಂಗಳೂರಿನಲ್ಲಿ ಓದುತ್ತಿದ್ದಾಗ ಅಂತರಕಾಲೇಜು ಪಂದ್ಯಗಳ ಸ್ಕೋರ್ ಹಾಳೆ ತುಂಬಿದ ಅನುಭವ ನನಗಿತ್ತು. ಆ ಅನುಭವವೇ ಮುಳುವಾಯಿತು. ಒಂದು ಸಂಜೆ ಕೊನೆಯ ಕ್ವಾರ್ಟರ್ ಮುಗಿಯಲು ಕೆಲವೇ ಸೆಕೆಂಡು ಉಳಿದಿದ್ದಾಗ ನಮ್ಮ ತಂಡ ಎರಡು ಅಂಕ ಹಿಂದಿತ್ತು. ಗೆರೆಯ ಹೊರಗಿದ್ದ ನಮ್ಮ ಹುಡುಗಿಯೊಬ್ಬಳು ಬುಟ್ಟಿಯ ಕಡೆಗೆ ಓಡುತ್ತಿದ್ದ ಜೊತೆಗಾರ್ತಿಗೆ ಎತ್ತರದ ಪಾಸ್ ಎಸೆದಳು. ಜೊತೆಗಾರ್ತಿ ಹಾರಿದಳು, ಚೆಂಡು ಅವಳ ಬೆರಳ ತುದಿಗೆ ಸವರಿ, ಬೋರ್ಡಿಗೆ ತಾಗಿ, ಬುಟ್ಟಿಯೊಳಗೆ ಇಳಿಯಿತು. ಹಿಂದೆಯೇ ಗಂಟೆ ಬಾರಿಸಿತು. ನಾನು ಪುಸ್ತಕದಲ್ಲಿ 3 ಎಂದು ಬರೆದು, ಪಕ್ಕದಲ್ಲಿ ಫಲಕ ನಡೆಸುತ್ತಿದ್ದವರಿಗೂ ಮೂರು ಎಂದೆ. ಫಲಕ ಬದಲಾಯಿತು, ನಮ್ಮ ಹುಡುಗಿಯರು ಒಂದು ಅಂಕದಿಂದ ಗೆದ್ದೆವೆಂದು ಅಂಗಳದ ನಡುವೆ ಕುಣಿಯತೊಡಗಿದರು.

ರೆಫರಿ ಮೇಜಿನ ಬಳಿಗೆ ಬಂದು ಎರಡು ಬೆರಳು ತೋರಿಸಿದರು. ಅವರು ಮೊದಲೇ ಎರಡನ್ನು ತೋರಿಸಿದ್ದರಂತೆ. ನನ್ನ ಕಣ್ಣು ಚೆಂಡಿನ ಮೇಲಿತ್ತು, ಅವರ ಕೈಯ ಮೇಲಿರಲಿಲ್ಲ. ಅಂಕ ಸಮವಾಯಿತು, ನಾಲ್ಕು ನಿಮಿಷದ ಹೆಚ್ಚುವರಿ ಆಟ ನಡೆಯಿತು, ನಮ್ಮ ತಂಡ ಸೋತಿತು. ಗೆದ್ದೆವೆಂದು ಕುಣಿದ ಮಕ್ಕಳನ್ನು ಮತ್ತೆ ಆಟಕ್ಕೆ ಎಳೆದು ತಂದದ್ದು ನನ್ನ ಪೆನ್ಸಿಲ್. ರೆಫರಿಯೇ ತಪ್ಪಿರಬೇಕೆಂಬ ಅನುಮಾನ ಮನೆಗೆ ಬರುವವರೆಗೂ ನನ್ನಲ್ಲಿ ಉಳಿದಿತ್ತು. ರಾತ್ರಿ ಎರಡೂ ನಿಯಮಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ತೆರೆದು ಕುಳಿತಾಗ ವಿಷಯ ಸ್ಪಷ್ಟವಾಯಿತು: ಅದೇ ಚೆಂಡು ಬೆಂಗಳೂರಿನಲ್ಲಿ ಬಿದ್ದಿದ್ದರೆ ಮೂರು, ಆ ಜಿಮ್ಮಿನಲ್ಲಿ ಎರಡು. ರೆಫರಿ ಸರಿಯಾಗಿದ್ದರು.

ಅಂತರರಾಷ್ಟ್ರೀಯ ಪಂದ್ಯಗಳು ನಡೆಯುವುದು ಫೀಬಾ ಸಂಸ್ಥೆಯ ನಿಯಮಗಳ ಪ್ರಕಾರ. ಭಾರತದ ಬ್ಯಾಸ್ಕೆಟ್‌ಬಾಲ್ ಒಕ್ಕೂಟವೂ ಅದನ್ನೇ ಅನುಸರಿಸುತ್ತದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ ಆಡಿದ್ದು ಆ ಪುಸ್ತಕದ ಮೇಲೆಯೇ. ಅಮೆರಿಕದ ಹೈಸ್ಕೂಲುಗಳದು ಬೇರೆ ಪುಸ್ತಕ; ಅದನ್ನು ಪ್ರಕಟಿಸುವುದು ಎನ್‌ಎಫ್‌ಎಚ್‌ಎಸ್ ಎಂಬ ರಾಜ್ಯ ಸಂಘಗಳ ಒಕ್ಕೂಟ. ಎನ್‌ಬಿಎಗೆ ತನ್ನದೇ ಪುಸ್ತಕವಿದೆ. ಗೆರೆಯ ದೂರವೇ ಮೂರರಲ್ಲೂ ಬೇರೆ: ಹೈಸ್ಕೂಲಿನಲ್ಲಿ 19 ಅಡಿ 9 ಅಂಗುಲ, ಅಂದರೆ ಸುಮಾರು 6.02 ಮೀಟರ್, ಫೀಬಾದಲ್ಲಿ 2010ರಿಂದ 6.75 ಮೀಟರ್, ಎನ್‌ಬಿಎಯಲ್ಲಿ ಮೂಲೆಗಳ ಹೊರತಾಗಿ 7.24 ಮೀಟರ್. ಈ ಗೆರೆ ಆಟದ ಹುಟ್ಟಿನೊಂದಿಗೆ ಬಂದದ್ದಲ್ಲ. ಎನ್‌ಬಿಎ ಅದನ್ನು ಅಳವಡಿಸಿಕೊಂಡದ್ದು 1979ರಲ್ಲಿ, ಫೀಬಾ 1984ರಲ್ಲಿ. ಅದಕ್ಕೂ ಮುನ್ನ ಆಟದ ನಡುವೆ ಬಿದ್ದ ಪ್ರತಿಯೊಂದು ಚೆಂಡಿಗೂ ಎರಡೇ ಅಂಕ. ಯಾರ ಬೆರಳಿಗೆ ತಾಗಿದರೂ ಬೆಲೆ ಬದಲಾಗುತ್ತಿರಲಿಲ್ಲ. ನನ್ನನ್ನು ಎಡವಿಸಿದ ಪ್ರಶ್ನೆ ಗೆರೆಯ ಜೊತೆಗೇ ಹುಟ್ಟಿದ ಪ್ರಶ್ನೆ.

ಫೀಬಾದ ಉತ್ತರ ನೇರವಾಗಿದೆ. ಚೆಂಡು ಕೈಬಿಟ್ಟ ಸ್ಥಳವೇ ಅದರ ಬೆಲೆಯನ್ನು ನಿರ್ಧರಿಸುತ್ತದೆ. ಹೊರಗಿನಿಂದ ಎಸೆದ ಶಾಟ್ ಮೇಲೇರುತ್ತಿರುವಾಗ ಗೆರೆಯ ಒಳಗಿರುವ ಡಿಫೆಂಡರ್‌ನ ಕೈಗೆ ತಾಗಿ ಬುಟ್ಟಿಗೆ ಬಿದ್ದರೂ ಮೂರೇ. ಒಳಗಿನಿಂದ ಎಸೆದದ್ದಕ್ಕೆ ಹೊರಗಿನಿಂದ ನೆಗೆದು ಬಂದ ಡಿಫೆಂಡರ್ ಕೈ ತಾಗಿಸಿದರೂ ಎರಡೇ. ಪಾಸಿಗೂ ಇದೇ ತತ್ವ: ಹೊರಗಿನಿಂದ ಎಸೆದ ಪಾಸ್ ನೇರವಾಗಿ ಬುಟ್ಟಿಗೆ ಹೋಗಲಿ, ಯಾವುದೇ ಆಟಗಾರನಿಗೆ ತಾಗಿ ಹೋಗಲಿ, ನೆಲಕ್ಕೆ ಪುಟಿದು ಹೋಗಲಿ, ಮೂರು ಅಂಕ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತಾಗುವುದು ಬೇರೆ, ತಟ್ಟುವುದು ಬೇರೆ. ಬುಟ್ಟಿಯ ಕೆಳಗಿರುವ ಜೊತೆ ಆಟಗಾರ ಬಂದ ಚೆಂಡನ್ನು ಕೈಯಿಂದ ಬುಟ್ಟಿಯತ್ತ ತಟ್ಟಿದರೆ ನಿಯಮದ ದೃಷ್ಟಿಯಲ್ಲಿ ಅದು ಆತನದೇ ಹೊಸ ಶಾಟ್. ಅದರ ಬೆಲೆಗೆ ಆತ ಇದ್ದ ಸ್ಥಳವೇ ಆಧಾರ, ಆದ್ದರಿಂದ ಎರಡು. ಬೆರಳು ಸುಮ್ಮನೆ ಸವರಿತೋ, ಚೆಂಡಿಗೆ ದಿಕ್ಕು ಕೊಟ್ಟಿತೋ ಎಂಬುದನ್ನು ರೆಫರಿ ಅರೆಕ್ಷಣದಲ್ಲಿ ತೀರ್ಮಾನಿಸಬೇಕು.

ಕ್ರಿಕೆಟ್ ಬಲ್ಲವರಿಗೆ ಈ ತತ್ವ ಹೊಸದಲ್ಲ. 2019ರ ವಿಶ್ವಕಪ್ ಫೈನಲ್‌ನ ಕೊನೆಯ ಓವರಿನಲ್ಲಿ ಮಾರ್ಟಿನ್ ಗಪ್ಟಿಲ್ ಎಸೆದ ಚೆಂಡು ಬೆನ್ ಸ್ಟೋಕ್ಸ್‌ರ ಬ್ಯಾಟಿಗೆ ತಾಗಿ ಬೌಂಡರಿಗೆ ಹೋದದ್ದನ್ನು ನೆನಪಿಸಿಕೊಳ್ಳಿ. ಅಂಪೈರ್‌ಗಳು ಆರು ರನ್ ಕೊಟ್ಟರು, ಐದು ಕೊಡಬೇಕಿತ್ತು. ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ಚೆಂಡು ಬ್ಯಾಟಿಗೆ ತಾಗಿದ ಗಳಿಗೆಯಲ್ಲ, ಫೀಲ್ಡರ್ ಎಸೆದ ಗಳಿಗೆ. ಆ ಗಳಿಗೆಯಲ್ಲಿ ಬ್ಯಾಟರ್‌ಗಳು ಎರಡನೆಯ ರನ್ನಿಗೆ ಒಬ್ಬರನ್ನೊಬ್ಬರು ದಾಟಿರಲಿಲ್ಲ. ಅಂಪೈರ್ ಕುಮಾರ ಧರ್ಮಸೇನ ಅನಂತರ ತಮ್ಮ ತಪ್ಪನ್ನು ಒಪ್ಪಿಕೊಂಡರು. ಲಾರ್ಡ್ಸ್‌ನಲ್ಲಿ ಅಂಥವರೇ ಎಡವಿದರೆಂಬುದು ನನಗೆ ಸಮಾಧಾನ ಕೊಡಬೇಕಿತ್ತು, ಕೊಡಲಿಲ್ಲ.

ಹೈಸ್ಕೂಲ್ ಪುಸ್ತಕ ಬೇರೆ ದಾರಿ ಹಿಡಿಯುತ್ತದೆ. ಗೆರೆಯ ಹೊರಗಿನಿಂದ ಬುಟ್ಟಿಗೆ ಬಿದ್ದ ಪ್ರಯತ್ನಕ್ಕೂ, ತಟ್ಟಿದ ಚೆಂಡಿಗೂ, ಬರಿದೇ ಎಸೆದ ಚೆಂಡಿಗೂ ಮೂರು ಅಂಕವೆಂದು ಅದು ಮೊದಲು ಹೇಳುತ್ತದೆ. ಈ ‘ಎಸೆದ ಚೆಂಡು’ ಎಂಬ ಮಾತು ಬಹಳ ಜಾಣತನದ್ದು. ಎಸೆದವರ ಮನಸ್ಸಿನಲ್ಲಿ ಪಾಸ್ ಇತ್ತೋ ಶಾಟ್ ಇತ್ತೋ ಎಂದು ರೆಫರಿ ಊಹಿಸಬೇಕಿಲ್ಲ; ಚೆಂಡು ಹೊರಗಿನಿಂದ ಹೊರಟು ಒಳಗೆ ಬಿದ್ದರೆ ಸಾಕು. ಆದರೆ ಮುಂದಿನ ವಾಕ್ಯದಲ್ಲಿ ಬಾಗಿಲು ಅರ್ಧ ಮುಚ್ಚುತ್ತದೆ. ಆ ಚೆಂಡು ನೆಲಕ್ಕೆ ತಾಗಿದರೆ, ರೆಫರಿಗೆ ತಾಗಿದರೆ, ಗೆರೆಯ ಒಳಗಿರುವ ಜೊತೆ ಆಟಗಾರನಿಗೆ ತಾಗಿದರೆ ಎರಡೇ ಅಂಕ. ಜೊತೆ ಆಟಗಾರ ಗೆರೆಯ ಹೊರಗಿದ್ದು ತಾಗಿದ್ದರೆ ಮೂರು ಉಳಿಯುತ್ತದೆ. ತಾಗಿದ್ದು ಎದುರಾಳಿಗಾದರೆ, ಆತ ಒಳಗಿರಲಿ ಹೊರಗಿರಲಿ, ಮೂರು ಎಂಬುದು ಆ ರಾತ್ರಿ ನಾನು ತೆರೆದ ಪುಸ್ತಕದ ವಿವರಣೆ. ಹಾಗಾಗಿ ನಮ್ಮ ಹುಡುಗಿಯರ ಗೆಲುವು ಸೋಲು ನಿಂತದ್ದು ಒಂದೇ ಸಂಗತಿಯ ಮೇಲೆ: ಸವರಿದ ಬೆರಳು ಯಾವ ಬಣ್ಣದ ಅಂಗಿಯದು? ಎದುರು ತಂಡದ ಹುಡುಗಿಯ ಬೆರಳಾಗಿದ್ದರೆ ನನ್ನ 3 ಹಾಗೆಯೇ ಉಳಿಯುತ್ತಿತ್ತು.

ಈ ಭೇದಕ್ಕೆ ಪುಸ್ತಕ ಕಾರಣ ಕೊಡುವುದಿಲ್ಲ. ನನಗೆ ತೋಚಿದ್ದನ್ನು ಹೇಳುತ್ತೇನೆ. ತಡೆಯಲು ಬಂದವರ ಕೈ ತಾಗಿದ ಮಾತ್ರಕ್ಕೆ ದಾಳಿಯ ತಂಡದ ಅಂಕ ಇಳಿಯಬಾರದು, ಇಳಿದರೆ ಸೋತ ತಡೆಗೆ ಬಹುಮಾನ ಕೊಟ್ಟಂತಾಗುತ್ತದೆ. ಸ್ವಂತ ತಂಡದವರ ಕೈ ತಾಗಿದರೆ ಮಾತು ಬೇರೆ. ಚೆಂಡು ಹತ್ತಿರದಿಂದ ಮತ್ತೊಮ್ಮೆ ಹೊರಟಿತೆಂದು ಎಣಿಸುವುದು ಅನ್ಯಾಯವಲ್ಲ. ಇದರಲ್ಲಿ ರೆಫರಿಗೊಂದು ಅನುಕೂಲವೂ ಇದೆ. ಜೊತೆ ಆಟಗಾರನ ಬೆರಳು ಸವರಿತೋ ತಟ್ಟಿತೋ ಎಂಬ ಫೀಬಾದ ಸೂಕ್ಷ್ಮ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ, ಎರಡಕ್ಕೂ ಉತ್ತರ ಒಂದೇ. ಆದರೂ ಫೀಬಾದ ನಿಯಮವೇ ನನಗೆ ಹೆಚ್ಚು ಅಂದವಾಗಿ ಕಾಣುತ್ತದೆ. ಒಂದು ತತ್ವವನ್ನು ಹಿಡಿದು ಕೊನೆಯವರೆಗೂ ನಡೆಯುವ ಧೈರ್ಯ ಅದಕ್ಕಿದೆ. ಮೊದಲು ಕಲಿತದ್ದರ ಮೇಲಿನ ಮೋಹವೂ ಇದರಲ್ಲಿ ಇರಬಹುದು.

ಇದರ ಜೊತೆಗೆ ಹೈಸ್ಕೂಲ್ ಪುಸ್ತಕ ಇನ್ನೊಂದು ಪ್ರಶ್ನೆ ಕೇಳುತ್ತದೆ: ಆ ಪ್ರಯತ್ನ ಮುಗಿಯಿತೇ? ಹೊರಗಿನಿಂದ ಎಸೆದ ಶಾಟ್ ಬುಟ್ಟಿಯನ್ನು ಮುಟ್ಟುವುದಿಲ್ಲವೆಂದು ಖಚಿತವಾದ ಕ್ಷಣಕ್ಕೆ ಪ್ರಯತ್ನ ಮುಗಿದಂತೆ. ಚೆಂಡು ಗುರಿ ಮುಟ್ಟದೆ ರಿಂಗಿಗಿಂತ ಕೆಳಗೆ ಇಳಿದಿದೆ, ಆಗ ಯಾರದೋ ಭುಜಕ್ಕೆ ಬಡಿದು ಮೇಲೆ ಚಿಮ್ಮಿ ಬೋರ್ಡಿಗೆ ತಾಗಿ ಬುಟ್ಟಿಗೆ ಬಿತ್ತು ಎನ್ನೋಣ. ಭುಜ ಸ್ವಂತ ತಂಡದ್ದಾಗಲಿ ಎದುರಾಳಿಯದಾಗಲಿ, ಅಂಕ ಎರಡು. ಮೂರರ ಪ್ರಯತ್ನ ಆ ಮೊದಲೇ ಸತ್ತಿತ್ತು. ಚೆಂಡು ಮಾತ್ರ ಜೀವಂತವಾಗಿತ್ತು, ಜೀವಂತ ಚೆಂಡು ಬುಟ್ಟಿಗೆ ಬಿದ್ದರೆ ಎರಡು ಸಿಗಲೇಬೇಕು.

ಬೆಲೆ ಕಟ್ಟುವಾಗ ಪಾಸೋ ಶಾಟೋ ಎಂಬ ಉದ್ದೇಶದ ಪ್ರಶ್ನೆಯನ್ನು ಎರಡೂ ಪುಸ್ತಕಗಳು ಹೀಗೆ ಬಾಗಿಲಿನಿಂದ ಹೊರಗೆ ಕಳಿಸುತ್ತವೆ. ಅದು ಕಿಟಕಿಯಿಂದ ಮತ್ತೆ ಒಳಗೆ ಬರುತ್ತದೆ. ಗೋಲ್‌ಟೆಂಡಿಂಗ್ ಎಂಬ ತಪ್ಪನ್ನು ತೆಗೆದುಕೊಳ್ಳಿ. ಬುಟ್ಟಿಯತ್ತ ಎಸೆದ ಶಾಟ್ ರಿಂಗಿಗಿಂತ ಮೇಲಿದ್ದು ಕೆಳಮುಖವಾಗಿ ಇಳಿಯುತ್ತಿರುವಾಗ ಡಿಫೆಂಡರ್ ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಚೆಂಡು ಬೀಳದಿದ್ದರೂ ಅಂಕ ಕೊಡಬೇಕು, ಹೊರಗಿನಿಂದ ಎಸೆದದ್ದಾದರೆ ಮೂರನ್ನೂ ಕೊಡಬೇಕು. ಆದರೆ ಇಳಿಯುತ್ತಿರುವುದು ಪಾಸ್ ಆಗಿದ್ದರೆ ಮುಟ್ಟಲು ಅಡ್ಡಿಯಿಲ್ಲ. ಹಾಗೆಯೇ ಸಮಯ ಮುಗಿದ ಗಂಟೆ. ಗಂಟೆ ಬಾರಿಸಿದಾಗ ಗಾಳಿಯಲ್ಲಿರುವ ಶಾಟ್ ಜೀವಂತ, ಬಿದ್ದರೆ ಅಂಕ. ಗಾಳಿಯಲ್ಲಿರುವ ಪಾಸ್ ಆ ಕ್ಷಣಕ್ಕೆ ನಿರ್ಜೀವ, ಆಮೇಲೆ ಬುಟ್ಟಿಗೆ ಬಿದ್ದರೂ ಸೊನ್ನೆ. ನಮ್ಮ ಪಂದ್ಯದಲ್ಲಿ ಗಂಟೆ ಅರ್ಧ ಸೆಕೆಂಡು ಮೊದಲು ಬಾರಿಸಿದ್ದರೆ ಚರ್ಚೆ ಎರಡೋ ಮೂರೋ ಎಂದಿರುತ್ತಿರಲಿಲ್ಲ, ಎಸೆದ ಹುಡುಗಿಯ ಮನಸ್ಸಿನಲ್ಲಿ ಏನಿತ್ತು ಎಂದಿರುತ್ತಿತ್ತು.

ಆ ಮನಸ್ಸನ್ನು ಓದುವುದು ಎಷ್ಟು ಕಷ್ಟವೆಂಬುದಕ್ಕೆ ಅಮೆರಿಕದ ಕಾಲೇಜು ಆಟದ ಬಹು ಪ್ರಸಿದ್ಧ ಬುಟ್ಟಿಯೊಂದೇ ಸಾಕ್ಷಿ. 1983ರ ಏಪ್ರಿಲ್‌ನಲ್ಲಿ ಆಲ್ಬುಕರ್ಕಿಯಲ್ಲಿ ನಡೆದ ಎನ್‌ಸಿಎಎ ಫೈನಲ್‌ನಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ಮತ್ತು ಹ್ಯೂಸ್ಟನ್ 52–52ರಲ್ಲಿ ಸಮನಾಗಿದ್ದವು. ಕೊನೆಯ ಸೆಕೆಂಡುಗಳಲ್ಲಿ ಡೆರೆಕ್ ವಿಟ್ಟನ್‌ಬರ್ಗ್ ಬಹುದೂರದಿಂದ ಚೆಂಡನ್ನು ಎಸೆದರು. ಅದು ರಿಂಗನ್ನು ತಲುಪಲಿಲ್ಲ. ಕೆಳಗೆ ಕಾದಿದ್ದ ಲೊರೆಂಜೊ ಚಾರ್ಲ್ಸ್ ಗಾಳಿಯಲ್ಲೇ ಹಿಡಿದು ಬುಟ್ಟಿಗೆ ತುರುಕಿದರು. 54–52. ಅದು ಶಾಟ್ ಅಲ್ಲ, ಪಾಸ್ ಎಂದು ವಿಟ್ಟನ್‌ಬರ್ಗ್ ಅನಂತರ ಹೇಳಿಕೊಂಡು ಬಂದರು, ಕೇಳಿದವರು ನಕ್ಕರು. ಅಂಕದ ಲೆಕ್ಕಕ್ಕೆ ಆ ಪ್ರಶ್ನೆ ಅಂದು ಬೇಕಾಗಲಿಲ್ಲ. ಬೇಕಾಗಿದ್ದರೆ ಯಾರು ತೀರ್ಪು ಕೊಡುತ್ತಿದ್ದರು, ಹೇಗೆ ಕೊಡುತ್ತಿದ್ದರು ಎಂದು ಯೋಚಿಸಿದರೆ ನಿಯಮ ಬರೆದವರು ಉದ್ದೇಶವನ್ನು ಆದಷ್ಟು ದೂರವಿಟ್ಟದ್ದು ಏಕೆಂದು ಅರ್ಥವಾಗುತ್ತದೆ.

ಸ್ವಂತ ಬುಟ್ಟಿಗೆ ಬಿದ್ದ ಚೆಂಡಿನ ಕಥೆ ಇನ್ನೂ ಸ್ವಾರಸ್ಯದ್ದು. ರಿಬೌಂಡಿಗೆ ಹಾರಿದ ಡಿಫೆಂಡರ್ ತನ್ನ ತಂಡ ಕಾಯುತ್ತಿರುವ ಬುಟ್ಟಿಗೇ ಚೆಂಡನ್ನು ತಳ್ಳಿಬಿಡುವುದು ಅಪರೂಪವೇನಲ್ಲ. ಎಲ್ಲ ಪುಸ್ತಕಗಳಲ್ಲೂ ಎದುರು ತಂಡಕ್ಕೆ ಎರಡು ಅಂಕ. ಆದರೆ ಯಾರ ಹೆಸರಿನ ಮುಂದೆ ಬರೆಯಬೇಕು? ಫೀಬಾ ಹೇಳುತ್ತದೆ, ಆ ತಂಡದ ಪರವಾಗಿ ಅಂಗಳದಲ್ಲಿರುವ ನಾಯಕನ ಹೆಸರಿಗೆ. ಆತ ಚೆಂಡಿನ ಹತ್ತಿರವೂ ಇರಬೇಕಾಗಿಲ್ಲ. ಎನ್‌ಬಿಎ ಹೇಳುತ್ತದೆ, ಆ ತಪ್ಪು ಮಾಡಿದವನಿಗೆ ಅತಿ ಸಮೀಪದಲ್ಲಿದ್ದ ಎದುರಾಳಿಯ ಹೆಸರಿಗೆ. ಹೈಸ್ಕೂಲ್ ಪುಸ್ತಕ ಮಾತ್ರ ಯಾರಿಗೂ ಪುಕ್ಕಟೆ ಕೀರ್ತಿ ಕೊಡದೆ, ತಂಡದ ಮೊತ್ತಕ್ಕೆ ಎರಡು ಸೇರಿಸಿ ಅಡಿಟಿಪ್ಪಣಿ ಬರೆಯಲು ಹೇಳುತ್ತದೆ. ಮೂರರಲ್ಲಿ ನನಗೆ ಪ್ರಾಮಾಣಿಕವೆನಿಸುವುದು ಈ ಅಡಿಟಿಪ್ಪಣಿಯೇ.

ಫೀಬಾ ಮತ್ತು ಎನ್‌ಬಿಎಯಲ್ಲಿ ಬೇಕೆಂದೇ ಸ್ವಂತ ಬುಟ್ಟಿಗೆ ಹಾಕುವಂತಿಲ್ಲ. ಹಾಗೆ ಯಾರು ಮಾಡುತ್ತಾರೆಂದು ಕೇಳಬಹುದು. 1962ರ ಜನವರಿಯಲ್ಲಿ ಯುರೋಪಿಯನ್ ಚಾಂಪಿಯನ್ಸ್ ಕಪ್ ಪಂದ್ಯಕ್ಕಾಗಿ ರಿಯಲ್ ಮ್ಯಾಡ್ರಿಡ್ ತಂಡ ಇಟಲಿಯ ವರೇಸೆಗೆ ಹೋಗಿತ್ತು. ಎರಡು ಪಂದ್ಯಗಳ ಒಟ್ಟು ಅಂಕದ ಮೇಲೆ ಗೆಲುವು ನಿಂತಿತ್ತು; ಇದು ಮೊದಲನೆಯ ಪಂದ್ಯ. ಕೊನೆಯ ಕ್ಷಣಗಳಲ್ಲಿ ಅಂಕ 80–80. ಹೆಚ್ಚುವರಿ ಆಟ ನಡೆದರೆ ದಣಿದ ತನ್ನ ತಂಡ ದೊಡ್ಡ ಅಂತರದಿಂದ ಸೋಲಬಹುದೆಂದು ಹೆದರಿದ ತರಬೇತುದಾರ ಪೆಡ್ರೊ ಫೆರಾಂಡಿಸ್, ಲೊರೆಂಜೊ ಅಲೊಸೆನ್ ಎಂಬ ಆಟಗಾರನಿಗೆ ಸ್ವಂತ ಬುಟ್ಟಿಗೇ ಚೆಂಡು ಹಾಕಲು ಹೇಳಿದರು. ಆತ ಹಾಕಿದ. ಮ್ಯಾಡ್ರಿಡ್ ಎರಡೇ ಅಂಕದಿಂದ ಸೋತು ಊರಿಗೆ ಮರಳಿತು, ಅಲ್ಲಿ 83–62ರಿಂದ ಗೆದ್ದು ಮುಂದಿನ ಸುತ್ತಿಗೆ ಹೋಯಿತು. ಅಂದಿನ ನಿಯಮದಲ್ಲಿ ಅದಕ್ಕೆ ತಡೆಯಿರಲಿಲ್ಲ. ಬಳಿಕ ತಡೆ ಬಂತು. ಇಂದು ಬೇಕೆಂದೇ ಹಾಕಿದ ಬುಟ್ಟಿಗೆ ಫೀಬಾದಲ್ಲಿ ಅಂಕವಿಲ್ಲ, ಅದು ನಿಯಮಭಂಗ. ಎನ್‌ಬಿಎಯಲ್ಲಿ 2003ರ ಮಾರ್ಚ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ರಿಕಿ ಡೇವಿಸ್ ತನ್ನ ಟ್ರಿಪಲ್ ಡಬಲ್‌ಗೆ ಕೊರತೆಯಾಗಿದ್ದ ಒಂದು ರಿಬೌಂಡಿಗಾಗಿ ಸ್ವಂತ ಬುಟ್ಟಿಯ ರಿಂಗಿಗೆ ಚೆಂಡೆಸೆದು ತಾನೇ ಹಿಡಿದ. ಆ ರಿಬೌಂಡ್ ದಾಖಲೆಗೆ ಸೇರಲಿಲ್ಲ. ಬೆಲೆ ಕಟ್ಟುವಾಗ ಹೊರಗಿಟ್ಟ ಉದ್ದೇಶವನ್ನು ಇಲ್ಲಿ ಪುನಃ ಕರೆಯಬೇಕಾಗುತ್ತದೆ. ಅದೃಷ್ಟವಶಾತ್ ಇಂಥ ಉದ್ದೇಶ ಮುಖದಲ್ಲೇ ಕಾಣಿಸುತ್ತದೆ.

ಉಳಿದ ಎರಡು ಸಂಗತಿಗಳು ಸಣ್ಣವು. ಕೊನೆಯ ಫ್ರೀ ಥ್ರೋ ರಿಂಗಿಗೆ ಬಡಿದು ಹೊರಚಿಮ್ಮಿದಾಗ ಯಾರಾದರೂ ನಿಯಮಬದ್ಧವಾಗಿ ಮುಟ್ಟಿ ಅದು ಬುಟ್ಟಿಗೆ ಬಿದ್ದರೆ ಒಂದಲ್ಲ, ಎರಡು ಅಂಕ. ಗೆರೆಯಾಚೆಯಿಂದ ಆಟ ಮರಳಿ ಆರಂಭಿಸಲು ಎಸೆದ ಚೆಂಡು ಯಾರಿಗೂ ತಾಗದೆ ನೇರ ಬುಟ್ಟಿಗೆ ಹೋದರೆ ಅಂಕವಿಲ್ಲ, ಚೆಂಡು ಎದುರಾಳಿಗೆ. ಅಂಗಳದೊಳಗಿನ ಒಬ್ಬರಿಗೆ ತಾಗಿ ಹೋದರೆ ಅಂಕವುಂಟು. ಇಲ್ಲಿ ತಾಗುವುದೇ ಚೆಂಡಿಗೆ ಬೆಲೆ ತರುತ್ತದೆ.

ಪರದೇಶದ ಶಾಲೆಗಳ ಜಿಮ್ಮುಗಳಲ್ಲಿ ಸ್ಕೋರ್ ಮೇಜಿಗೆ ಕೂರುವ ನಮ್ಮವರು ಈಗ ಕಡಿಮೆಯಿಲ್ಲ. ಭಾರತದಲ್ಲಿ ಆಡಿ ಬಂದವರ ತಲೆಯಲ್ಲಿ ಫೀಬಾ, ಟಿವಿ ನೋಡಿ ಕಲಿತವರ ತಲೆಯಲ್ಲಿ ಎನ್‌ಬಿಎ, ಎದುರಿಗೆ ನಡೆಯುತ್ತಿರುವ ಪಂದ್ಯ ಇನ್ನಾವುದೋ ಪುಸ್ತಕದ್ದು. ಪುಸ್ತಕಗಳೂ ಆಗಾಗ ಪರಿಷ್ಕರಣೆಯಾಗುತ್ತವೆ. ನಾನು ಮೇಲೆ ಹೇಳಿದ್ದನ್ನು ಆಯಾ ವರ್ಷದ ಪ್ರತಿಯೊಂದಿಗೆ ಹೋಲಿಸಿ ನೋಡುವುದು ಲೇಸು. ನಾನಂತೂ ಆಟಕ್ಕೆ ಮುನ್ನ ಯಾವ ಪುಸ್ತಕವೆಂದು ರೆಫರಿಯನ್ನೇ ಕೇಳುತ್ತೇನೆ. ಚೆಂಡು ಬುಟ್ಟಿಯತ್ತ ಹೊರಟಾಗ ಅವರ ಒಂದು ಕೈ ಮೂರು ಬೆರಳಿನೊಂದಿಗೆ ಮೇಲೆದ್ದಿದೆಯೇ, ಬಿದ್ದ ಮೇಲೆ ಎರಡೂ ಕೈ ಎದ್ದವೇ ಎಂದು ನೋಡುವವರೆಗೆ ಪೆನ್ಸಿಲನ್ನು ಹಾಳೆಗೆ ತಾಗಿಸುವುದಿಲ್ಲ. ಪಾಸ್ ಎಂದು ಹೊರಟ ಚೆಂಡಿಗೆ ರೆಫರಿಯ ಕೈ ಮೊದಲು ಏಳುವುದೇ ಇಲ್ಲ; ಕಾಯಬೇಕಾದದ್ದು ಮುಖ್ಯವಾಗಿ ಆಗ.

ಆ ವರ್ಷದ ಸ್ಕೋರ್ ಪುಸ್ತಕ ನಮ್ಮ ಮನೆಯಲ್ಲೇ ಉಳಿಯಿತು. ಆ ಪುಟದಲ್ಲಿ ಹೊಡೆದುಹಾಕಿದ 3 ಇದೆ, ಅದರ ಪಕ್ಕದಲ್ಲಿ ಒತ್ತಿ ಬರೆದ 2. ಪಾಸ್ ಎಸೆದ ಹುಡುಗಿ ಅಂದು ಮೇಜಿನ ಬಳಿ ಬಂದು, ಜೊತೆಗಾರ್ತಿಯ ಬೆರಳು ತಾಗಿದ್ದು ತನಗೆ ಮೊದಲೇ ಕಂಡಿತ್ತೆಂದು ಹೇಳಿ, ತನ್ನ ನೀರಿನ ಬಾಟಲಿ ಎತ್ತಿಕೊಂಡು ಹೋದಳು.